ರಸ್ತೆಯಲ್ಲಿ ಉಳಿದ ಎರಡು ಕಲ್ಲು

ವೇದಾವತಿಯ ಸೇತುವೆ ದಾಟಿದರೆ ಹೆದ್ದಾರಿಯ ಪಕ್ಕದಲ್ಲಿ ಓಬಳಪ್ಪನವರ ತಗಡಿನ ಶೆಡ್ಡು. ಕೆಟ್ಟು ನಿಂತ ಗಾಡಿಗಳನ್ನು ಕ್ರೇನಿಗೆ ಕಟ್ಟಿ ಎಳೆದು ತರುವುದು ಅವರ ಕಸುಬು. ಆಶ್ರಮ ಅನ್ನುವುದಕ್ಕೆ ಅಲ್ಲಿ ಒಂದು ಬೇವಿನ ಮರ ಬಿಟ್ಟರೆ ಏನೂ ಇಲ್ಲ. ಆದರೂ ಆ ದಾರಿಯ ಡ್ರೈವರುಗಳೆಲ್ಲ ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದರು.

ಶಿಷ್ಯ ಪಾಲಯ್ಯ. ಮೂವತ್ತು ದಾಟಿದವನು, ಮೊದಲು ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ. ಎರಡು ವರ್ಷದಿಂದ ಅವನಿಗೆ ಒಂದೇ ಆಸೆ: ಕ್ರೇನು ತೆಗೆದುಕೊಂಡು ಒಬ್ಬನೇ ಹೋಗಬೇಕು. ಗುರುಗಳು ಬಿಡುತ್ತಿರಲಿಲ್ಲ.

“ಕೊಕ್ಕೆ ಹಾಕೋದು ಬರ್ತೈತೆ, ಎಳೆಯೋದು ಬರ್ತೈತೆ. ಇನ್ನೇನು ಕಲೀಬೇಕು ಗುರುಗಳೇ?”

“ಇನ್ನೊಂಚೂರು ಐತೆ” ಎನ್ನುತ್ತಿದ್ದರು ಗುರುಗಳು. ಏನು ಅಂತ ಮಾತ್ರ ಹೇಳುತ್ತಿರಲಿಲ್ಲ.

ಒಂದು ದಿನ ಗುರುಗಳ ಮೊಣಕಾಲು ಊದಿಕೊಂಡಿತ್ತು. ಅವತ್ತೇ ಎರಡು ಮೈಲಿ ಆಚೆ, ಏರಿನಲ್ಲಿ, ಈರುಳ್ಳಿ ಲಾರಿಯೊಂದು ಕೆಟ್ಟು ನಿಂತಿತೆಂದು ಫೋನು ಬಂತು.

“ಹೋಗಿ ಬಾ” ಎಂದರು ಗುರುಗಳು.

ಪಾಲಯ್ಯ ಎಲ್ಲವನ್ನೂ ಕಲಿತಂತೆಯೇ ಮಾಡಿದ. ನೂರು ಹೆಜ್ಜೆ ಹಿಂದೆ ರಸ್ತೆಯ ಮೇಲೆ ಹಸಿ ಸೊಪ್ಪಿನ ಕೊಂಬೆ ಹಾಕಿದ. ಮುಂದೆ ಗಾಡಿ ನಿಂತಿದೆ, ನಿಧಾನ ಬಾ ಎನ್ನುವುದಕ್ಕೆ ಅದು ಲಾರಿಯವರ ಭಾಷೆ. ಲಾರಿ ಹಿಂದಕ್ಕೆ ಜಾರದ ಹಾಗೆ ಗಾಲಿಗಳಿಗೆ ಎರಡು ದಪ್ಪ ಕಲ್ಲು ಕೊಟ್ಟ. ಡ್ರೈವರು ಲಾರಿಯ ನೆರಳಲ್ಲಿ ಕೂರಲು ಹೋದಾಗ ಗದರಿದ.

“ಅಲ್ಲಿ ಕೂರಬೇಡಣ್ಣ. ರಸ್ತೆ ಅಂಚಿನ ತಡೆಗಂಬಿ ಆಚೆ ಹೊಲದಾಗೆ ನಿಂತ್ಕೋ. ಬಿಸಿಲಿಗೆ ಯಾರೂ ಸತ್ತಿಲ್ಲ.”

ಆಮೇಲೆ ಕೊಕ್ಕೆ ಹಾಕಿ, ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲಾರಿಯನ್ನು ಎಳೆದುಕೊಂಡು ಬಂದ. ದಾರಿಯುದ್ದಕ್ಕೂ ಸಿಳ್ಳೆ. ಅವನ ಕಾಲು ನೆಲದ ಮೇಲೆ ಇರಲಿಲ್ಲ ಎನ್ನಿ.

ಗುರುಗಳು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು.

“ಲಾರಿ ಎಲ್ಲೈತೆ?”

“ನಿಮ್ಮ ಕಣ್ಣ ಮುಂದೇನೇ ಐತಲ್ಲ ಗುರುಗಳೇ!”

“ಡ್ರೈವರು?”

“ನಲ್ಲಿ ಹತ್ರ ಮುಖ ತೊಳೀತಾ ಅವ್ನೆ.”

“ಗಾಲಿಗೆ ಕೊಟ್ಟ ಕಲ್ಲು?”

ಪಾಲಯ್ಯನ ಸಿಳ್ಳೆ ನಿಂತಿತು.

“ಸೊಪ್ಪು ಹಾಕಿದೀನಿ ಗುರುಗಳೇ. ಅದನ್ನ ನೋಡಿ ನಿಧಾನ ಬರ್ತಾರೆ...”

“ನಾಕು ಬಸ್ಸು ತುಳಿದ್ರೆ ಸೊಪ್ಪು ಪುಡಿ ಆಗ್ತೈತೆ. ಕಲ್ಲು ಆಗಲ್ಲ. ಹಂಗಾದ್ರೆ ಲಾರಿ ಇನ್ನೂ ಅಲ್ಲೇ ನಿಂತೈತೆ.”

“ಇಲ್ಲೈತಲ್ಲ!”

“ನಿನಗೆ ಇಲ್ಲೈತೆ. ಹಿಂದೆ ಬೈಕಿನಾಗೆ ಬರೋನಿಗೆ ಅಲ್ಲೇ ಐತೆ. ಉಂಡೋನು ಎಲೆ ಎತ್ತಬೇಕು ಕಣೋ. ನಡಿ.”

ಪಾಲಯ್ಯ ಲಾರಿಯ ಕೊಕ್ಕೆ ಬಿಡಿಸಿದ. ಊದಿದ ಕಾಲಿನಲ್ಲೇ ಗುರುಗಳು ಕ್ರೇನು ಹತ್ತಿ ಸ್ಟೀರಿಂಗ್ ಹಿಡಿದರು. ಆ ಎರಡು ಮೈಲಿ ಪಾಲಯ್ಯನಿಗೆ ಇಪ್ಪತ್ತು ಮೈಲಿ ಆಯಿತು. ಎದುರಿಗೆ ಬಂದ ಒಂದೊಂದು ಬೈಕನ್ನೂ ನೋಡಿ, ಇದು ಉಳಿಯಿತು, ಇದು ಉಳಿಯಿತು ಎಂದುಕೊಳ್ಳುತ್ತಿದ್ದ.

ಕಲ್ಲುಗಳು ಅಲ್ಲೇ ಇದ್ದವು. ಒಂದು ಯಾವುದೋ ಗಾಲಿಗೆ ಸಿಕ್ಕಿ ರಸ್ತೆಯ ನಡುವಿಗೆ ಉರುಳಿತ್ತು. ಸೊಪ್ಪು ಹೇಳಹೆಸರಿಲ್ಲದಂತಾಗಿತ್ತು.

ಗುರುಗಳು ಕ್ರೇನನ್ನು ಡಾಂಬರು ಬಿಟ್ಟು ಮಣ್ಣಿಗೆ ಇಳಿಸಿ, ಮೇಲಿನ ಹಳದಿ ದೀಪ ಹಾಕಿದರು. ಅಷ್ಟರಲ್ಲಿ ಗಂಡ, ಹೆಂಡತಿ, ಮುಂದೆ ಪುಟ್ಟ ಮಗು ಕೂತ ಬೈಕೊಂದು ಬಂತು. ಕಲ್ಲು ಕಂಡವನೇ ಗಂಡ ಹ್ಯಾಂಡಲ್ ಎಳೆದ. ಬೈಕು ಓಲಾಡಿತು, ಒಂದು ಗೇಣಿನಲ್ಲಿ ಕಲ್ಲು ತಪ್ಪಿತು, ಅವರು ಹೋದರು.

ಪಾಲಯ್ಯನಿಗೆ ಜೀವ ಬಾಯಿಗೆ ಬಂತು. ಹಿಂದೆ ಮುಂದೆ ನೋಡದೆ ಕೆಳಗೆ ಧುಮುಕಿ ಕಲ್ಲಿನತ್ತ ಓಡಿದ.

ಆಗಲೇ ಕೆಳಗಿಳಿದಿದ್ದ ಗುರುಗಳು ಅವನ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದರು. ಎರಡು ಗುಂಡಿ ಕಿತ್ತುಹೋದವು. ಅವನ ಮೂಗಿನ ಮುಂದೆಯೇ ಒಂದು ಬಸ್ಸು ಹಾದುಹೋಯಿತು.

“ಕಲ್ಲಿನ ಜೊತೆ ನಿನ್ನನ್ನೂ ಎತ್ತಬೇಕೇನೋ ನಾನು?”

ಪಾಲಯ್ಯ ಗುಂಡಿ ಕಿತ್ತ ಅಂಗಿಯನ್ನು ಎಳೆದುಕೊಂಡು ಅಂಚಿಗೆ ಸರಿದ.

“ಕೆಂಪು ಬಟ್ಟೆ ತಗೋ. ಅಂಚಿನಾಗೆ ನಡಕೊಂಡು ನೂರು ಹೆಜ್ಜೆ ಹಿಂದಕ್ಕೆ ಹೋಗಿ ಬೀಸು. ಮೂರು ಗಾಡಿ ನಿಧಾನ ಆದಮ್ಯಾಲೆ ನಾನು ರಸ್ತೆಗೆ ಕಾಲಿಡ್ತೀನಿ.”

“ಎರಡು ಕಲ್ಲಿಗಾ ಗುರುಗಳೇ? ನೋಡಿದೋರು ನಗ್ತಾರೆ.”

“ನಗಲಿ ಬಿಡು. ನಗಾಕೆ ಅವ್ರು ಬದುಕಿರಬೇಕಲ್ಲ.”

ಪಾಲಯ್ಯ ನೂರು ಹೆಜ್ಜೆ ಎಣಿಸಿಕೊಂಡು ಹೋದ. ಬೀಸಿದ. ಒಂದು ಕಾರು ನಿಧಾನವಾಯಿತು, ಅದರ ಹಿಂದೆ ಲಾರಿ, ಅದರ ಹಿಂದೆ ಶಾಲೆಯ ಬಸ್ಸು. ಗುರುಗಳು ಬರುವ ಗಾಡಿಗಳ ಕಡೆಗೇ ಮುಖ ಮಾಡಿಕೊಂಡು ಕುಂಟುತ್ತ ಹೋಗಿ ಒಂದು ಕಲ್ಲನ್ನು ಎತ್ತಿ ಹೊಲದಂಚಿಗೆ ಹಾಕಿದರು. ಮತ್ತೆ ಬಂದು ಇನ್ನೊಂದನ್ನು ಎತ್ತಿಕೊಂಡರು.

ಕಾರಿನವನು ತಲೆ ಹೊರಗೆ ಹಾಕಿದ.

“ಯಾವ ಗಾಡಿ ಕೆಟ್ಟೈತೆ ಯಜಮಾನ್ರೆ?”

“ಯಾವುದೂ ಇಲ್ಲಪ್ಪ. ಇದು, ಕಲ್ಲು.”

“ಒಂದು ಕಲ್ಲಿಗೆ ಇಷ್ಟೊಂದು ಮೆರವಣಿಗೇನಾ!”

ಅವನು ನಕ್ಕ. ಲಾರಿಯವನು ನಕ್ಕ. ಶಾಲೆಯ ಬಸ್ಸಿನ ಕಿಟಕಿಗಳಲ್ಲಿ ಮಕ್ಕಳೆಲ್ಲ ಹೋ ಎಂದು ನಕ್ಕು ಕೈಬೀಸಿಕೊಂಡು ಹೋದರು. ಪಾಲಯ್ಯನಿಗೆ ನಾಚಿಕೆ ಆಗಲಿಲ್ಲ. ಅಷ್ಟು ಹಿತವಾದ ನಗು ಅವನು ಕೇಳಿಯೇ ಇರಲಿಲ್ಲ.

ಕೆಲಸ ಮುಗಿದ ಮೇಲೆ ಇಬ್ಬರೂ ತಡೆಗಂಬಿಯ ಆಚೆ, ಹೊಲದ ಬದುವಿನ ಮೇಲೆ ಕೂತರು.

“ಇನ್ನು ನನ್ನ ಒಬ್ಬನ್ನೇ ಕಳಿಸಲ್ಲ ಅಲ್ವಾ ಗುರುಗಳೇ?”

ಗುರುಗಳು ಅವನ ಕೈ ನೋಡಿದರು.

“ಆ ಕೆಂಪು ಬಟ್ಟೆ ಇನ್ನೂ ಯಾಕೆ ಹಿಡ್ಕೊಂಡಿದೀಯ?”

“ಹೆದರಿಕೆ ಗುರುಗಳೇ. ಆ ಬೈಕಿನ ಮುಂದೆ ಮಗು ಕುಂತಿತ್ತಲ್ಲ, ಅದು ಕಣ್ಣಿಂದ ಹೋಗ್ತಾ ಇಲ್ಲ.”

ಗುರುಗಳ ಮುಖ ಅರಳಿತು. ಊದಿದ ಕಾಲನ್ನು ಬಿಸಿಲಿಗೆ ಚಾಚಿಕೊಂಡು ಹಾಯಾಗಿ ಕೂತರು.

“ನಾಳೆಯಿಂದ ನೀನೊಬ್ಬನೇ ಹೋಗು. ಎರಡು ವರ್ಷದಿಂದ ಇಬ್ಬರ ಹೆದರಿಕೇನೂ ನಾನೊಬ್ಬನೇ ಹೊತ್ತಿದ್ದೆ. ನಿನ್ನ ಪಾಲಿಂದು ನೀನು ತಗೊಂಡೆಯಲ್ಲ, ಇನ್ನು ನಾನು ಮಧ್ಯಾಹ್ನ ಒಂದು ಗಳಿಗೆ ಮಲಗ್ತೀನಿ.”