ದರ್ಜಿ ಕಲಿತ ಮಟ್ಟು

"ಗುರುಗಳೇ, ನಾನು ಹನ್ನೆರಡು ವರ್ಷ ಅಭ್ಯಾಸ ಮಾಡಿದವನು. ನಿನ್ನೆ ಮೊನ್ನೆ ಬಂದವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಏಕೆ ಹಾಡಬೇಕು? ಅವರ ಬಾಯಿಗೆ ಬಿದ್ದ ಹಾಡು ಕೆಟ್ಟುಹೋಗುತ್ತದೆ," ಎಂದು ನಫ್ತಾಲಿ ಕೇಳಿದ. ಯೆಹೂದ್ಯರ ಆ ಊರಿನಲ್ಲಿ ಅವನಷ್ಟು ಚೆನ್ನಾಗಿ ಹಾಡುವವರು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಗುರು ಜೆಲಿಗ್ ಒಂದು ಕತೆ ಹೇಳಿದರು.

ಒಬ್ಬ ಪಿಟೀಲುಗಾರನಿದ್ದ. ಅವನ ಮಗಳ ಮದುವೆ ಮಂಗಳವಾರಕ್ಕೆ ಗೊತ್ತಾಗಿತ್ತು. ಮದುಮಗಳು ಚಪ್ಪರದತ್ತ ನಡೆಯುವಾಗ ತಂದೆ ಹೊಸ ಮಟ್ಟು ಕಟ್ಟಿ ನುಡಿಸುವುದು ಆ ಮನೆತನದ ವಾಡಿಕೆ. ತಾಯಿಯಿಲ್ಲದ ಮಗಳು, ಅವಳಿಗೆ ಕೊಡಲು ಅವನಲ್ಲಿ ಬೇರೇನೂ ಇರಲಿಲ್ಲ. ಆರು ತಿಂಗಳು ತಿಣುಕಿದರೂ ಮಟ್ಟು ಹುಟ್ಟಲಿಲ್ಲ. ಕೊನೆಗೆ ಹುಟ್ಟಿದ್ದು ಯಾವಾಗ? ಸಬ್ಬತ್ ದಿನ ಬೆಳಿಗ್ಗೆ, ಪ್ರಾರ್ಥನೆಯ ನಡುವೆ! ವಾರದ ಆ ವಿಶ್ರಾಂತಿಯ ದಿನ ಬರೆಯುವಂತಿಲ್ಲ, ವಾದ್ಯ ಮುಟ್ಟುವಂತಿಲ್ಲ. ಸಂಜೆ ಮೂರು ನಕ್ಷತ್ರ ಕಂಡು ಸಬ್ಬತ್ ಮುಗಿಯುವವರೆಗೆ ಬಾಯಲ್ಲಿ ಹಾಡಿಕೊಂಡೇ ಕಾಪಾಡಬೇಕು. ಬೇಸಿಗೆಯ ಉದ್ದನೆಯ ಹಗಲು, ಜೊತೆಗೆ ಅರವತ್ತರ ಮರೆವು.

ಅವನು ಹೆದರಿ, ಊರಿನ ಇಬ್ಬರು ಗಟ್ಟಿ ವಾದಕರಿಗೆ ಅದನ್ನು ಹಾಡಿ ತೋರಿಸಿದ. ಒಂದೇ ಸಲ ಕೇಳಿ ಅವರು ತಲೆದೂಗಿದರು. "ಚಿಂತೆ ಬಿಡು, ನಮ್ಮಲ್ಲಿ ಭದ್ರವಾಗಿರುತ್ತದೆ," ಎಂದರು.

ಮಧ್ಯಾಹ್ನದ ಊಟದಲ್ಲಿ ಪಕ್ಕಕ್ಕೆ ಕೂತಿದ್ದ ದರ್ಜಿ, "ಯಜಮಾನರೇ, ನನಗೂ ಹೇಳಿಕೊಡಿ, ಸ್ವಲ್ಪ ನಿಧಾನವಾಗಿ," ಎಂದ. ಅವನು ಆ ವರ್ಷವಷ್ಟೇ ಹಾಡು ಕಲಿಯಲು ಬಂದವನು. ಸ್ವರ ಹಿಡಿದರೆ ತಾಳ ಬಿಡುತ್ತಿದ್ದ. ಪಿಟೀಲುಗಾರನಿಗೆ ಸಿಟ್ಟು ಬಂತು. ಆದರೆ ಸಬ್ಬತ್ತಿನ ಊಟಕ್ಕೆ ಜೊತೆ ಕೂತವನಿಗೆ ಇಲ್ಲವೆನ್ನುವುದು ಹೇಗೆ? ತುಂಡು ತುಂಡು ಮಾಡಿ ಒಂಬತ್ತು ಸಲ ಹೇಳಿಕೊಟ್ಟ.

ಮೂರು ನಕ್ಷತ್ರ ಮೂಡಿದವು. ಪಿಟೀಲು ಎತ್ತಿಕೊಂಡರೆ ಮೊದಲ ಸಾಲಿನ ಹೊರತು ಏನೂ ನೆನಪಿಲ್ಲ. ವಾದಕರ ಮನೆಗೆ ಓಡಿದ. ಒಬ್ಬ ನುಡಿಸಿದ, ಅವನು ಸೇರಿಸಿದ ಗಮಕಗಳಲ್ಲಿ ಮಟ್ಟು ಹೂತುಹೋಗಿತ್ತು. ಇನ್ನೊಬ್ಬ, "ಕೊನೆ ಯಾಕೋ ಸಪ್ಪೆ ಅನ್ನಿಸಿತು, ನಾನೇ ಸರಿಮಾಡಿದೆ," ಎಂದ. ಸರಿಮಾಡುವ ಮೊದಲು ಹೇಗಿತ್ತೆಂದು ಇಬ್ಬರಿಗೂ ತಿಳಿಯದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅವನು ಬೀದಿಯಲ್ಲೇ ಅತ್ತುಬಿಟ್ಟ.

ಬೇರೆ ದಾರಿ ಕಾಣದೆ ದರ್ಜಿಯ ಬಾಗಿಲು ತಟ್ಟಿದ. ದರ್ಜಿ ಕಣ್ಣು ಮುಚ್ಚಿ ಹಾಡಿದ. ಮುಗ್ಗರಿಸಿದ, ತಾಳ ತಪ್ಪಿದ. ಆದರೆ ಒಂದು ಸ್ವರವೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ. ಮೂರನೆಯ ಸಾಲಿನ ನಡುವೆ ನಿಂತು ಗಂಭೀರವಾಗಿ ಕೆಮ್ಮಿದ. ಹೇಳಿಕೊಡುವಾಗ ಪಿಟೀಲುಗಾರ ಒಂಬತ್ತು ಸಲವೂ ಅಲ್ಲಿ ಕೆಮ್ಮಿದ್ದ. ದರ್ಜಿ ಅದನ್ನೂ ಕಲಿತಿದ್ದ. ಪಿಟೀಲುಗಾರ ನಗುತ್ತ, ಕಣ್ಣೊರೆಸುತ್ತ ಬರೆದುಕೊಂಡ. ಮಂಗಳವಾರ ಮಗಳು ಆ ಮಟ್ಟನ್ನು ಕೇಳುತ್ತ ಚಪ್ಪರದತ್ತ ನಡೆದಳು.

ನಫ್ತಾಲಿ ನಕ್ಕ. "ಪಾಪ! ಹಾಡು ಯಾವುದು, ಕೆಮ್ಮು ಯಾವುದು ಎನ್ನುವುದೂ ಅವನಿಗೆ ತಿಳಿಯಲಿಲ್ಲವಲ್ಲ, ಗುರುಗಳೇ."

ಗುರು ಹೇಳಿದರು: "ಇರಲಿ ಮಗು, ನಾನು ನಿನಗೆ ಮೊದಲು ಕಲಿಸಿದ ಹಾಡನ್ನು ನಾನು ಕಲಿಸಿದ ಹಾಗೆಯೇ ಒಮ್ಮೆ ಹಾಡು, ಕೇಳೋಣ."

ನಫ್ತಾಲಿ ಬಾಯಿ ತೆರೆದ. ಮೊದಲ ಸಾಲಿನಲ್ಲೇ, ಗುರು ಕಲಿಸಿದ್ದು ಯಾವುದು, ತಾನು ಸೇರಿಸಿದ ಗಮಕ ಯಾವುದು ಎಂದು ತಿಳಿಯದೆ ನಿಲ್ಲಿಸಿ, ಎದ್ದು ಹೋಗಿ ಹೊಸಬರ ಬೆಂಚಿನಲ್ಲಿ ಕೂತ.