ಮೊಣಕೈಯ ಮೇಲೆ ನೆಟ್ಟಗೆ ಮಲಗಿದ ಟೇಪು

ಬೀಡಿ ಕಟ್ಟುವ ಜುಲೇಖಾಬಿಯ ಕಿರುಬೆರಳು ಜೋಮು ಹಿಡಿದಿತ್ತು. ಮೊಣಕೈ ಹಾದು ಆ ಬೆರಳಿಗೆ ಹೋಗುವ ನರದ ವೇಗ ಅಳೆಸಿಕೊಳ್ಳಲು ಆಸ್ಪತ್ರೆಗೆ ಬಂದಳು. ಡಾಕ್ಟರಮ್ಮ ಮೊಣಕೈಯ ಮೇಲೊಂದು ಕಡೆ, ಕೆಳಗೊಂದು ಕಡೆ ಸಣ್ಣಗೆ ಕರೆಂಟು ಕೊಟ್ಟರು. ನಡುವಿನ ದಾರಿ ಓಡಲು ನರಕ್ಕೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡು ಪಾಲು ಹಿಡಿಯಿತು. ಆ ದಾರಿಯನ್ನು ಅಳೆಯಲು ಟೇಪು ಚಾಚಿದ ಕೈಯ ಮೇಲೆ ನೆಟ್ಟಗೆ ಮಲಗಿ, "ಎಂಟು ಸೆಂಟಿಮೀಟರ್" ಎಂದಿತು.

"ಹಾಗಾದರೆ ಸೆಕೆಂಡಿಗೆ ನಲವತ್ತೇ ಮೀಟರ್. ಐವತ್ತಾದರೂ ಇರಬೇಕಿತ್ತು," ಎಂದಿತು ವೇಗ ಲೆಕ್ಕ ಹಾಕುವ ಯಂತ್ರ.

"ಸೋಮಾರಿ!" ಎಂದು ಟೇಪು ನರವನ್ನು ಜರೆಯಿತು. "ನಿನ್ನ ದೆಸೆಯಿಂದ ಈಗ ಈಕೆಯ ಕೈ ಕೊಯ್ಯುತ್ತಾರೆ."

ನರ ನಾಚಿಕೆಯಿಂದ ಕುಗ್ಗಿಹೋಯಿತು. "ತಪ್ಪು ನನ್ನದೇ, ಕ್ಷಮಿಸು," ಎಂದು ಕಿರುಬೆರಳನ್ನು ಬೇಡಿಕೊಂಡಿತು.

ಅಷ್ಟರಲ್ಲಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಮೊಣಕೈ ಮಡಿಸಮ್ಮ ಜುಲೇಖಾ. ಚಾಚಿದ ಕೈಯಲ್ಲಿ ನರ ಸಡಿಲ ಬಿದ್ದಿರುತ್ತೆ. ಮಡಿಸಿದರೇನೇ ಪೂರ್ತಿ ಉದ್ದ ಸಿಗೋದು."

ಈ ಸಲ ಟೇಪು ಮೊಣಕೈಯನ್ನು ಬಳಸಿಕೊಂಡು ಹೋಗಬೇಕಾಯಿತು. ಹತ್ತು ಸೆಂಟಿಮೀಟರ್ ಬಂತು. ಯಂತ್ರ ಐವತ್ತು ಎಂದು ತಿದ್ದಿಕೊಂಡಿತು.

"ನರ ಚೆನ್ನಾಗಿದೆ, ಆಪರೇಷನ್ ಏನೂ ಬೇಡ. ಮೊಣಕೈ ನೆಲಕ್ಕೆ ಊರಿಕೊಂಡು ಬೀಡಿ ಕಟ್ಟಬೇಡ, ಅಷ್ಟೇ," ಎಂದರು ಡಾಕ್ಟರಮ್ಮ.

ಟೇಪು ತಗ್ಗಿದ ದನಿಯಲ್ಲಿ ನರವನ್ನು ಕೇಳಿತು: "ನಿನ್ನ ಉದ್ದ ನಿನಗೆ ಗೊತ್ತಿತ್ತಲ್ಲ. ಬಾಯಿ ಬಿಡಲಿಲ್ಲ ಏಕೆ?"

"ಅಳೆಯುವವನು ನೀನು. ಸೋಮಾರಿ ಎಂದು ನೀನೇ ಅಂದಮೇಲೆ ನನಗೂ ಹಾಗೇ ಅನ್ನಿಸಿಬಿಟ್ಟಿತು," ಎಂದಿತು ನರ.

ಟೇಪು ತನ್ನ ಅಂಕಿಗಳು ಯಾರ ಕಣ್ಣಿಗೂ ಬೀಳದಂತೆ ಒಳಮುಖವಾಗಿ ಸುರುಳಿ ಸುತ್ತಿಕೊಂಡಿತು.