ಮುಳುಗಲೊಪ್ಪದ ಚಿನ್ನದ ಕಣ

ಹೊಳೆಯ ಕರಿಮರಳನ್ನು ಮನೆಗೆ ತಂದು, ಮರದ ಮರಿಗೆಯಲ್ಲಿ ಜಾಲಿಸಿ ಚಿನ್ನ ಹುಡುಕುವುದು ಡ್ರಾಯಿಂಗ್ ಮೇಷ್ಟ್ರು ಫಕೀರಪ್ಪನವರ ಭಾನುವಾರದ ಹುಚ್ಚು. ಅಂದು ಸಾಸಿವೆಗಿಂತ ಸಣ್ಣದೊಂದು ಚಿನ್ನದ ಕಣ ಮೇಷ್ಟ್ರ ಕೈಯ ಎಣ್ಣೆಜಿಡ್ಡು ಮೆತ್ತಿಕೊಂಡು ನೀರಿನ ಮೇಲೆ ತೇಲುತ್ತಿತ್ತು. ಅದಕ್ಕೆ ನೀರಿನ ಮೇಲೂ ಗುಮಾನಿ, ಮರಳಿನ ಮೇಲೂ ಗುಮಾನಿ.

ಮೇಷ್ಟ್ರು ಅಂಟುವಾಳದ ನೀರನ್ನು ಒಂದು ತೊಟ್ಟು ಬಿಟ್ಟರು. ಆ ತೊಟ್ಟು ಕಣದ ಹತ್ತಿರ ಬಂದು, "ಅಯ್ಯಾ, ನಿನ್ನ ಜಿಡ್ಡು ಬಿಡಿಸುತ್ತೇನೆ. ತಳಕ್ಕೆ ಇಳಿ, ನಿನ್ನವರೆಲ್ಲ ಅಲ್ಲಿದ್ದಾರೆ" ಎಂದಿತು.

"ನನ್ನನ್ನು ಮುಳುಗಿಸಲು ನಿನ್ನನ್ನು ಯಾರು ಕಳಿಸಿದರು?" ಎಂದು ಕಣ ದೂರ ಸರಿಯಿತು. "ಪಕ್ಕದಲ್ಲೇ ಮೇಷ್ಟ್ರ ಮನೆಯ ಅಮ್ಮನವರು ಅಕ್ಕಿ ಜಾಲಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೇಲೆ ಬಂದದ್ದು ಪಾತ್ರೆ ಸೇರಿತು. ತಳದಲ್ಲಿ ಉಳಿದದ್ದನ್ನು ಅಂಗಳದ ಕರಿಬೇವಿನ ಬುಡಕ್ಕೆ ಎಸೆದರು."

"ಅದು ಅಕ್ಕಿಯ ಮಾತು. ಇಲ್ಲಿ ಮುಳುಗಿದವರೇ ಉಳಿಯುವುದು. ನೀನು ಚಿನ್ನ."

"ಹೊಗಳುವವರನ್ನಂತೂ ನಾನು ನಂಬುವುದೇ ಇಲ್ಲ" ಎಂದು ಕಣ ಒಂದು ನೊರೆಗುಳ್ಳೆಯನ್ನು ತಬ್ಬಿಕೊಂಡಿತು.

ಮೇಷ್ಟ್ರು ಮರಿಗೆಯನ್ನು ಓರೆ ಮಾಡಿ, ಮೇಲಿನ ನೊರೆಯನ್ನೂ ಕಸಕಡ್ಡಿಯನ್ನೂ ಅಂಗಳಕ್ಕೆ ಚೆಲ್ಲಿದರು. ತಳದಲ್ಲಿ ಹೊಳೆದದ್ದನ್ನು ಬೆರಳಿಗೆ ಒತ್ತಿಕೊಂಡು ಸೀಸೆಗೆ ಇಳಿಸಿದರು.

ಕಣ ಕಣ್ಣು ಬಿಟ್ಟಾಗ ಕರಿಬೇವಿನ ಬುಡದಲ್ಲಿ ಬಿದ್ದಿತ್ತು. ಸುತ್ತಲೂ ಅಕ್ಕಿಯ ಕಲ್ಲುಗಳು.

"ನಾವು ಮುಳುಗಿ ಇಲ್ಲಿಗೆ ಬಂದೆವು" ಎಂದಿತು ಒಂದು ಕಲ್ಲು. "ನೀನು ಹೇಗೆ ಬಂದೆ?"

ಕಣ ಅದನ್ನು ಮೇಲಿಂದ ಕೆಳಗೆ ನೋಡಿತು.

"ಇದನ್ನು ಕೇಳಲು ನಿನ್ನನ್ನು ಯಾರು ಕಳಿಸಿದರು?"